ಗೋಯಾ ತೀರಿಕೊಂಡು 35 ವರ್ಷದ ಮೇಲೆ ಅಚ್ಚಾದ ಎಚಿಂಗ್: ಇದನ್ನು ಅಸಲಿ ಅನ್ನಬಹುದಾ?

ಶಿರಸಿಯಿಂದ_ಮ್ಯಾಡ್ರಿಡ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿರಸಿ ಹತ್ತಿರ. ಮೂರು ವರ್ಷದಿಂದ ಮ್ಯಾಡ್ರಿಡ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನಾನು ಚಿತ್ರಕಲೆ ಓದಿದವಳಲ್ಲ. ಆದರೆ ಇಲ್ಲಿಗೆ ಬಂದ ಮೇಲೆ ಸ್ಪೇನ್‌ನ ಹಳೆಯ ಚಿತ್ರಕಾರ ಗೋಯಾ ನನ್ನನ್ನು ಹಿಡಿದುಬಿಟ್ಟಿದ್ದಾನೆ. ಪ್ರಾಡೊ ಮ್ಯೂಸಿಯಂನಲ್ಲಿ ಸಂಜೆ ಕೊನೆಯ ಎರಡು ಗಂಟೆ ಟಿಕೆಟ್ ಇಲ್ಲ. ಆಫೀಸ್ ಮುಗಿಸಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ.

ಕಳೆದ ಶನಿವಾರ ಹಳೆ ನಕ್ಷೆ, ಹಳೆ ಚಿತ್ರ ಮಾರುವ ಒಂದು ಸಣ್ಣ ಅಂಗಡಿಗೆ ಸುಮ್ನೆ ಹೋಗಿದ್ದೆ. ಗೋಯಾ ಏನಾದರೂ ಇದೆಯಾ ಅಂತ ಕೇಳಿದೆ. ಅಂಗಡಿಯ ಯಜಮಾನರು ಒಳಗಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತಂದು, ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ‘ಯುದ್ಧದ ಅನಾಹುತಗಳು’ ಸರಣಿಯ 44ನೇ ಚಿತ್ರ, ಕೊರೆದ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಎಚಿಂಗ್. ಕೆಳಗೆ ‘ಯೊ ಲೊ ವಿ’ ಅಂತಿದೆ. ಅಂದರೆ ‘ನಾನು ಇದನ್ನು ಕಂಡೆ’. ಜನ ಊರು ಬಿಟ್ಟು ಓಡುತ್ತಿದ್ದಾರೆ. ಒಬ್ಬ ತಾಯಿ ಕಂಕುಳಲ್ಲಿ ಕೂಸನ್ನು ಹಿಡಿದುಕೊಂಡು, ಹಿಂದೆ ಉಳಿದ ಮಗುವಿನ ಕಡೆ ಕೈ ಚಾಚಿದ್ದಾಳೆ. ಎದುರಿಗೆ ಏನು ಬರುತ್ತಿದೆ ಅಂತ ಚಿತ್ರದಲ್ಲಿ ಕಾಣುವುದಿಲ್ಲ. ನನಗೆ ಅಲ್ಲಿಂದ ಏಳಲು ಆಗಲಿಲ್ಲ.

ಬೆಲೆ ನನ್ನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ, ಎರಡು ತಿಂಗಳದ್ದಕ್ಕಿಂತ ಕಡಿಮೆ. ‘ಮೊದಲ ಆವೃತ್ತಿ, 1863’ ಅಂತ ಅವರು ಹೇಳಿದರು. ಮನೆಗೆ ಬಂದು ನೋಡಿದರೆ ಗೋಯಾ ತೀರಿಕೊಂಡದ್ದು 1828ರಲ್ಲಿ! ಸತ್ತವರು ಹೇಗೆ ಅಚ್ಚು ಹಾಕುತ್ತಾರೆ? ಇದನ್ನು ಗೋಯಾ ಕೈಯ ಕೆಲಸ ಅನ್ನಬಹುದಾ? ಅಲ್ಲ ಅಂದರೆ ಇಷ್ಟು ದುಡ್ಡು ಯಾಕೆ? ಹೌದು ಅಂದರೆ, ಇದು ನಿಜವಾಗಿ 1863ರದ್ದೇ ಅಂತ ನಾನು ಹೇಗೆ ತಿಳಿಯಲಿ? ಇನ್ನೊಂದು ವಿಷಯ. ಒಂದಲ್ಲ ಒಂದು ದಿನ ಊರಿಗೆ ವಾಪಸ್ ಹೋಗುವವಳು ನಾನು. ನಮ್ಮ ಕಡೆಯ ಮಳೆಗಾಲದಲ್ಲಿ ಈ ಕಾಗದ ಉಳಿಯುತ್ತದಾ?

ಅಂಗಡಿಯವರು ಹತ್ತು ದಿನ ತೆಗೆದಿಟ್ಟಿರುತ್ತೇನೆ ಅಂದಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

---

ತಾಮ್ರದ_ತಗಡು

ಮೇಡಂ, ನಾನು ಮೈಸೂರಿನವನು. ಬೆಂಗಳೂರಿನಲ್ಲಿ ಗ್ರಾಫಿಕ್ಸ್, ಅಂದರೆ ಅಚ್ಚು ಹಾಕುವ ಕಲೆ, ಓದಿ, 22 ವರ್ಷದಿಂದ ಲಂಡನ್ನಿನಲ್ಲಿದ್ದೇನೆ. ಈಗಲೂ ಎಚಿಂಗ್ ಮಾಡುತ್ತೇನೆ. ಗೋಯಾನ ಏಳು ಹಾಳೆ ನನ್ನ ಹತ್ತಿರ ಇವೆ. ಏಳು ಕೊಳ್ಳಲು ಹದಿನೈದು ವರ್ಷ ಹಿಡಿಯಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಅದು ಗೋಯಾನದೇ. ಹೇಗೆ ಅಂತ ಹೇಳಲು ನಮ್ಮ ಮನೆಯ ಸಂಕ್ರಾಂತಿಗೆ ಹೋಗಬೇಕು. ಅಜ್ಜಿಯ ಕಾಲದ ಸಕ್ಕರೆ ಅಚ್ಚಿನ ಮರದ ಮಣೆಗಳು ನಮ್ಮಲ್ಲಿದ್ದವು. ಗಿಳಿ, ಆನೆ, ಗೋಪುರ, ತುಳಸಿಕಟ್ಟೆ. ಅವನ್ನು ಕೆತ್ತಿದ ಬಡಗಿ ನಾನು ಹುಟ್ಟುವ ಮೊದಲೇ ಹೋಗಿದ್ದ. ಆದರೂ ಪ್ರತಿ ವರ್ಷ ಆ ಅಚ್ಚಿನಿಂದ ಬರುತ್ತಿದ್ದ ಗಿಳಿ ಅವನ ಗಿಳಿಯೇ ಅಲ್ವಾ? ಆದರೆ ಎರಡು ವಿಷಯ ಇತ್ತು. ಒಂದು, ವರ್ಷ ಹೋದ ಹಾಗೆ ಅಚ್ಚು ಸವೆಯುತ್ತದೆ. ನಾನು ಚಿಕ್ಕವನಿದ್ದಾಗ ಗಿಳಿಯ ರೆಕ್ಕೆಯಲ್ಲಿ ಎಳೆ ಎಳೆ ಗೆರೆ ಕಾಣುತ್ತಿತ್ತು. ನನ್ನ ಮಗಳು ನೋಡುವಷ್ಟರಲ್ಲಿ ರೆಕ್ಕೆ ನುಣ್ಣಗಾಗಿತ್ತು. ಇನ್ನೊಂದು, ಪಾಕ. ಅಚ್ಚು ಅದೇ ಆದರೂ ಅಮ್ಮ ಹೊಯ್ದ ಅಚ್ಚೇ ಬೇರೆ, ಚಿಕ್ಕಮ್ಮ ಹೊಯ್ದದ್ದೇ ಬೇರೆ.

ಎಚಿಂಗ್‌ನಲ್ಲೂ ಹೀಗೆಯೇ. ತಾಮ್ರದ ತಗಡಿನ ಮೇಲೆ ಗೆರೆ ಎಳೆದು, ಆಸಿಡ್‌ನಲ್ಲಿ ಕೊರೆದದ್ದು ಗೋಯಾ. ಅದರಲ್ಲಿ ಬೇರೆ ಮಾತಿಲ್ಲ. ಇಂಕ್ ತುಂಬಿ, ಬಟ್ಟೆಯಿಂದ ಒರೆಸಿ, ಪ್ರೆಸ್‌ನಲ್ಲಿ ಒತ್ತಿದವರು ಬೇರೆ. ಅದಕ್ಕೇ ಗೋಯಾ ಸಂಗ್ರಹಿಸುವವರು ಮೊದಲು ಕೇಳುವುದು ಎರಡೇ ಮಾತು: ಅಚ್ಚು ಎಷ್ಟು ಸವೆದಿತ್ತು, ಒರೆಸಿದ ಕೈ ಯಾವುದು?

ಈಗ ಆತ ಬದುಕಿದ್ದಾಗ ಇದು ಯಾಕೆ ಹೊರಬರಲಿಲ್ಲ ಅನ್ನುವುದು. ನೆಪೋಲಿಯನ್ನನ ಸೈನ್ಯ 1808ರಲ್ಲಿ ಸ್ಪೇನ್ ಹಿಡಿಯಿತು. 1814ರ ತನಕ ಯುದ್ಧ. ಗೋಯಾ ಸುಮಾರು 1810ರಿಂದ 1820ರ ತನಕ ಈ ತಗಡುಗಳ ಮೇಲೆ ಕೆಲಸ ಮಾಡಿದ. ಯುದ್ಧದ ನಡುವೆ ಒಳ್ಳೆ ತಾಮ್ರ ಸಿಗುತ್ತಿರಲಿಲ್ಲ. ತಾನೇ ಮೊದಲು ಮಾಡಿದ್ದ ಎರಡು ದೊಡ್ಡ ಭೂದೃಶ್ಯದ ತಗಡುಗಳನ್ನು ಅರ್ಧಕ್ಕೆ ಕತ್ತರಿಸಿ, ಆ ತುಂಡುಗಳ ಮೇಲೆ ಯುದ್ಧವನ್ನು ಕೊರೆದ. ನಾನೂ ತಗಡಿನ ಮೇಲೆ ಕೆಲಸ ಮಾಡುವವನು. ಮುಗಿದ ಒಂದು ತಗಡನ್ನು ಕತ್ತರಿಸುವುದು ಅಂದರೆ ಏನು ಅಂತ ಗೊತ್ತು. ಅದನ್ನು ಓದಿದ ದಿನ ಎದೆ ಭಾರವಾಯಿತು.

ಯುದ್ಧ ಮುಗಿದ ಮೇಲೆ ರಾಜ ಏಳನೇ ಫರ್ಡಿನಾಂಡ್ ವಾಪಸ್ ಬಂದು ಸಂವಿಧಾನವನ್ನು ರದ್ದು ಮಾಡಿದ. ಇನ್‌ಕ್ವಿಸಿಷನ್, ಅಂದರೆ ಚರ್ಚಿನ ವಿಚಾರಣೆಯ ನ್ಯಾಯಾಲಯ, ಮತ್ತೆ ಶುರುವಾಯಿತು. ಇಂಥ ಚಿತ್ರಗಳನ್ನು ಮಾರಾಟಕ್ಕಿಡುವ ಕಾಲ ಅದಲ್ಲ. ಗೋಯಾ ಒಂದು ಪೂರ್ತಿ ಸೆಟ್‌ನ ಪ್ರೂಫ್ (ಪರೀಕ್ಷೆಗೆ ಹಾಕುವ ಅಚ್ಚು) ತೆಗೆದು, ಕೈಯಲ್ಲೇ ಶೀರ್ಷಿಕೆ ಬರೆದು, ಗೆಳೆಯ ಸೆಯಾನ್ ಬೆರ್ಮೂದೆಸ್‌ಗೆ ಕೊಟ್ಟ. 1824ರಲ್ಲಿ ಫ್ರಾನ್ಸ್‌ಗೆ ಹೋದ. ಬೋರ್ಡೋದಲ್ಲಿ ಸತ್ತ. ತಗಡುಗಳು ಮಗ ಹಾವಿಯೆರ್ ಹತ್ತಿರ ಉಳಿದವು. ಹಾವಿಯೆರ್ 1854ರಲ್ಲಿ ತೀರಿಕೊಂಡ. 1862ರಲ್ಲಿ ಮ್ಯಾಡ್ರಿಡ್‌ನ ಸ್ಯಾನ್ ಫೆರ್ನಾಂದೊ ಕಲಾ ಅಕಾಡೆಮಿ 80 ತಗಡುಗಳನ್ನು ಕೊಂಡು, ಮರುವರ್ಷ 500 ಸೆಟ್ ಅಚ್ಚು ಹಾಕಿಸಿತು. ‘ಯುದ್ಧದ ಅನಾಹುತಗಳು’ ಅನ್ನುವ ಹೆಸರು ಕೂಡ ಅಕಾಡೆಮಿ ಇಟ್ಟದ್ದು. ನಿಮ್ಮ ಹಾಳೆಯ ಕೆಳಗಿನ ‘ಯೊ ಲೊ ವಿ’ ಮಾತು ಗೋಯಾನದು. ಆದರೆ ಅಕ್ಷರವನ್ನು ತಗಡಿಗೆ ಹಾಕಿದವರು ಬೇರೆ. ಆ ಗೆಳೆಯನ ಸೆಟ್ ನೋಡಿ, 1863ರ ಮುದ್ರಣಕ್ಕಾಗಿ ನಕಲು ಮಾಡಿ ಕೊರೆದದ್ದು.

ಆದ್ದರಿಂದ ಈ ಸರಣಿಯ ಮಟ್ಟಿಗೆ ಆತನ ಕಾಲದ ಆವೃತ್ತಿ ಅನ್ನುವುದೇ ಇಲ್ಲ. 1863ರದ್ದೇ ಮೊದಲನೆಯದು. ಅಂಗಡಿಯವರು ನಿಮಗೆ ತಪ್ಪು ಹೇಳಿಲ್ಲ. ಗೋಯಾನ ಇನ್ನೊಂದು ಸರಣಿ ‘ಕಾಪ್ರಿಚೋಸ್’ ವಿಷಯ ಬೇರೆ. ಅದು 1799ರಲ್ಲಿ ಗೋಯಾನೇ ಹೊರತಂದದ್ದು. 80 ಚಿತ್ರದ ಸೆಟ್‌ಗೆ 320 ರಿಯಾಲ್. ಮಾರಾಟ ಎಲ್ಲಿ ಗೊತ್ತಾ? ಆತ ಇದ್ದ ಕಟ್ಟಡದ ಕೆಳಗಿನ ಸೆಂಟು, ಮದ್ಯ ಮಾರುವ ಅಂಗಡಿಯಲ್ಲಿ. ನಿಮ್ಮ ಊರಲ್ಲೇ, ದೆಸೆಂಗಾನ್ಯೊ ಬೀದಿಯಲ್ಲಿ. ಆ ಹೆಸರಿನ ಅರ್ಥ ಭ್ರಮೆ ಕಳೆಯುವುದು ಅಂತ. ಹೋದದ್ದು 27 ಸೆಟ್ ಮಾತ್ರ. 1803ರಲ್ಲಿ ಉಳಿದ 240 ಸೆಟ್ ಮತ್ತು ತಗಡುಗಳನ್ನು ರಾಜನಿಗೆ ಕೊಟ್ಟು, ಬದಲಿಗೆ ಮಗನಿಗೆ ವರ್ಷಾಶನ ಕೇಳಿದ. ಅಲ್ಲಿಂದ ಆ ತಗಡುಗಳು ಸರ್ಕಾರದ ಮುದ್ರಣಾಲಯದಲ್ಲೇ ಉಳಿದು, 1937ರ ತನಕ ಒಟ್ಟು 12 ಆವೃತ್ತಿ ಕಂಡವು. ಒಂದೇ ತಗಡು, 138 ವರ್ಷ. ಸವೆಯದೆ ಇರುತ್ತದಾ?

ಸವೆತ ಅಂದೆನಲ್ಲ, ಅದು ಹೇಗೆ ಆಗುತ್ತದೆ ಅಂತ ಹೇಳಲೇಬೇಕು. ಗೋಯಾನ ಕತ್ತಲೆ ಬರುವುದು ಅಕ್ವಾಟಿಂಟ್‌ನಿಂದ. ಕಾಲೇಜಿನಲ್ಲಿ ನಮಗೆ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ನುಣ್ಣಗೆ ಕುಟ್ಟಿದ ರಾಳದ ಪುಡಿ. ಪೆಟ್ಟಿಗೆ ಅಲುಗಾಡಿಸಿ ಪುಡಿ ಎಬ್ಬಿಸಿ, ದಪ್ಪ ಕಣ ಕೆಳಗೆ ಕೂರುವ ತನಕ ಉಸಿರು ಬಿಗಿಹಿಡಿದು ಎಣಿಸುತ್ತಾ ನಿಲ್ಲಬೇಕು. ಆಮೇಲೆ ತಗಡನ್ನು ಒಳಗೆ ಜಾರಿಸಬೇಕು. ಸಣ್ಣ ಪುಡಿ ಮಂಜಿನ ಹಾಗೆ ಅದರ ಮೇಲೆ ಇಳಿಯುತ್ತದೆ. ಮೆಲ್ಲಗೆ ಹೊರಗೆ ತೆಗೆದು, ಕೆಳಗಿನಿಂದ ಬಿಸಿ ಮಾಡಿದರೆ ಬಿಳಿ ಪುಡಿ ಒಂದು ಕ್ಷಣದಲ್ಲಿ ನೀರಿನ ಹನಿಯಂತೆ ಹೊಳೆದು ತಗಡಿಗೆ ಅಂಟುತ್ತದೆ. ಅಗರಬತ್ತಿ ಅಂಗಡಿಯ ವಾಸನೆ. ಈಗ ಆಸಿಡ್‌ನಲ್ಲಿಟ್ಟರೆ ರಾಳದ ಕಣ ಇದ್ದಲ್ಲಿ ತಾಮ್ರ ಉಳಿಯುತ್ತದೆ, ಸುತ್ತ ಕೊರೆಯುತ್ತದೆ. ಆ ಸಾವಿರಾರು ಸಣ್ಣ ಗುಳಿಗಳಲ್ಲಿ ಇಂಕ್ ನಿಂತು ಬೂದು ಬಣ್ಣ, ಕಪ್ಪು ಬಣ್ಣ ಬರುತ್ತದೆ. ಗೆರೆಗೆ ಹೋಲಿಸಿದರೆ ಈ ಗುಳಿಯ ಆಳ ತುಂಬಾ ಕಡಿಮೆ. ಪ್ರೆಸ್‌ನ ರೋಲರ್ ಹೋದಷ್ಟೂ ತಾಮ್ರ ಒತ್ತಿ ಚಪ್ಪಟೆಯಾಗುತ್ತದೆ. ಗೆರೆ ಉಳಿಯುತ್ತದೆ, ಕತ್ತಲೆ ಹೋಗುತ್ತದೆ.

ನಾನು ಮೊದಲು ಕೊಂಡ ಗೋಯಾದಲ್ಲಿ ಇದನ್ನೇ ಕಲಿತೆ. ಅದು ‘ಕಾಪ್ರಿಚೋಸ್’ನ 32ನೇ ಚಿತ್ರ, ಜೈಲಿನಲ್ಲಿ ಕೂತ ಹೆಣ್ಣು. ಅದರಲ್ಲಿ ಎಳೆದ ಗೆರೆಯೇ ಇಲ್ಲ. ಪೂರ್ತಿ ಅಕ್ವಾಟಿಂಟ್. ಫ್ರೇಮ್ ಹಾಕಿ, ಗಾಜಿನ ಹಿಂದೆ, ಹಳದಿ ದೀಪದ ಕೆಳಗೆ ತೂಗುಹಾಕಿದ್ದರು. ಒಳ್ಳೆಯ ಕತ್ತಲೆ ಇದ್ದ ಹಾಗೆ ಕಂಡಿತು. ಫ್ರೇಮ್ ಬಿಚ್ಚಿಸಲು ಸಂಕೋಚಪಟ್ಟೆ. ಮನೆಗೆ ತಂದು ಹಗಲ ಬೆಳಕಿನಲ್ಲಿ ಬಿಚ್ಚಿ ನೋಡಿದರೆ ಜೈಲೇ ಇರಲಿಲ್ಲ. ಒಂದು ತೆಳು ಬೂದು ಗೋಡೆ, ಅದರ ಮುಂದೆ ಒಂದು ಬಿಳಿ ಆಕಾರ. ತುಂಬಾ ಕೊನೆಯ ಆವೃತ್ತಿ ಅದು. ಆಮೇಲೆ ಮೊದಲ ಆವೃತ್ತಿಯ ಅದೇ ಹಾಳೆ ನೋಡಿದೆ. ಕಂದು ಇಂಕ್‌ನಲ್ಲಿ ಕತ್ತಲೆ ತುಂಬಿ, ಆ ಹೆಣ್ಣಿನ ಮೇಲೆ ಮಾತ್ರ ಬೆಳಕು ಬಿದ್ದಿತ್ತು. ಎರಡೂ ಒಂದೇ ತಗಡು ಅಂದರೆ ನಂಬುವುದು ಕಷ್ಟ. ಅದಕ್ಕೇ ನನ್ನ ಮಾತು: ಹೆಸರು ಕೊಳ್ಳಬೇಡಿ, ಕಣ್ಣ ಮುಂದಿರುವ ಆ ಒಂದು ಹಾಳೆಯನ್ನು ಕೊಳ್ಳಿ. ಫ್ರೇಮ್ ಬಿಚ್ಚಿಯೇ ನೋಡಿ.

ನಿಮ್ಮ 44ನೇ ಚಿತ್ರದಲ್ಲಿ ಒಂದು ಅನುಕೂಲ ಇದೆ. ಅದರಲ್ಲಿ ಗೆರೆಯ ಕೆಲಸವೇ ಮುಖ್ಯ. 1863ರ ಹಾಳೆಯಾದರೆ ಆ ಗೆರೆ ಗಟ್ಟಿಯಾಗಿಯೇ ಇರಬೇಕು.

ನೋಡುವ ಬಗೆ ಹೇಳುತ್ತೇನೆ. ಮೌಂಟ್‌ನಿಂದ, ಅಂದರೆ ಹಾಳೆಯನ್ನು ಕೂರಿಸಿದ ರಟ್ಟಿನಿಂದ, ತೆಗೆದು ಕೊಡಿ ಅಂತ ಧೈರ್ಯವಾಗಿ ಕೇಳಿ. ಒಳ್ಳೆ ವ್ಯಾಪಾರಿ ಬೇಡ ಅನ್ನುವುದಿಲ್ಲ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಇರಬೇಕು. ಹಾಳೆಯ ಹಿಂದಿನಿಂದ ಬೆರಳಾಡಿಸಿದರೂ ಗೊತ್ತಾಗುತ್ತದೆ. ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ ಹಿಡಿದು ಗೆರೆ ನೋಡಿ. ಎಚಿಂಗ್‌ನ ಗೆರೆಯಲ್ಲಿ ಇಂಕ್ ಕಾಗದದ ಮೇಲೆ ಎದ್ದು ಕೂತಿರುತ್ತದೆ. ಸಾಲಾಗಿ ಒಂದೇ ಅಳತೆಯ ಚುಕ್ಕೆ ಕಂಡರೆ ಅದು ಯಾವುದೋ ಪುಸ್ತಕದಿಂದ ಕತ್ತರಿಸಿದ ಹಾಳೆ, ಅಲ್ಲಿಗೆ ಬಿಟ್ಟುಬಿಡಿ. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ಹುಡುಕಿ. 1863ರ ಕಾಗದದಲ್ಲಿ ‘ಜೆ.ಜಿ.ಓ.’ ಅಂತ ಅಕ್ಷರ, ಗರಿಯಂಥ ಒಂದು ಗುರುತು ಬರುವುದುಂಟು. ಆದರೆ ಗುರುತು ಪ್ರತಿ ಹಾಳೆಯಲ್ಲೂ ಬೀಳುವುದಿಲ್ಲ, ಇಲ್ಲದಿದ್ದರೆ ಗಾಬರಿಯಾಗಬೇಡಿ. ಹೊಲಿದ ಸೆಟ್‌ನಿಂದ ಬಿಡಿಸಿದ ಹಾಳೆಯಾದ್ದರಿಂದ ಎಡ ಅಂಚಿನಲ್ಲಿ ಹೊಲಿಗೆಯ ತೂತು ಇದ್ದರೆ ಅದು ದೋಷವಲ್ಲ. ನನಗಂತೂ ಅದು ಇಷ್ಟ. ಅಂಚು ಕತ್ತರಿಸಿಲ್ಲ ಅಂತ ಅದು ಹೇಳುತ್ತದೆ.

ಕೊನೆಗೆ ಆಕಾಶ ನೋಡಿ. ಗೋಯಾ ತಾನೇ ತೆಗೆದ ಪ್ರೂಫ್‌ಗಳಲ್ಲಿ ತಗಡನ್ನು ಚೆನ್ನಾಗಿ ಒರೆಸಿರುತ್ತಾನೆ. ಖಾಲಿ ಜಾಗ ಅಂದರೆ ಬಿಳಿ ಕಾಗದ. 1863ರ ಮುದ್ರಕರ ಕಾಲಕ್ಕೆ ರುಚಿ ಬದಲಾಗಿತ್ತು. ಅವರು ತಗಡಿನ ಮೇಲೆ ತೆಳುವಾಗಿ ಇಂಕ್ ಬಿಟ್ಟು ಒತ್ತಿದರು. ಆಕಾಶದ ಮೇಲೆ ಹೊಗೆ ಮುಸುಕಿದ ಹಾಗೆ ಕಾಣುತ್ತದೆ. ಕೆಲವರಿಗೆ ಅದು ಹಿಡಿಸುತ್ತದೆ. ನನಗೆ ಹಿಡಿಸುವುದಿಲ್ಲ. ಗೋಯಾನ ಬಿಳಿ ಅಂದರೆ ಕ್ರೂರವಾದ ಬಿಳಿ. ಮರೆಯಾಗಲು ಜಾಗ ಕೊಡದ ಬಿಸಿಲು ಅದು. 500 ಸೆಟ್‌ಗಳಲ್ಲಿ ಒಂದೊಂದು ಹಾಳೆಯನ್ನೂ ಕೈಯಲ್ಲಿ ಒರೆಸಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ನಿಮ್ಮದರಲ್ಲಿ ಆಕಾಶ ತಿಳಿಯಾಗಿದ್ದರೆ ನೀವು ಪುಣ್ಯವಂತರು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಪುಯೆರ್ತಾ ದೆಲ್ ಸೋಲ್‌ನಿಂದ ಎರಡು ಹೆಜ್ಜೆ, ಅಲ್ಕಲಾ ಬೀದಿ 13ರಲ್ಲಿ ಅಕಾಡೆಮಿ ಇದೆ. ನಾನು ಹೇಳಿದ ಸರ್ಕಾರದ ಮುದ್ರಣಾಲಯ, ಕಾಲ್ಕೊಗ್ರಫಿಯಾ ನಸಿಯೊನಾಲ್, ಕೂಡ ಅಲ್ಲೇ. ಗೋಯಾನ ತಾಮ್ರದ ತಗಡುಗಳು ಅವರ ಹತ್ತಿರವೇ ಇವೆ. ಹೋಗಿ ನೋಡಿ. ಲಂಡನ್‌ಗೆ ಬಂದರೆ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ. ಆ ಗೆಳೆಯನಿಗೆ ಕೊಟ್ಟ ಸೆಟ್ ಈಗ ಅಲ್ಲಿದೆ. ಮೊದಲೇ ಹೇಳಿ ಸಮಯ ಪಡೆದರೆ ಮುದ್ರಣ ವಿಭಾಗದ ಓದುಕೋಣೆಯಲ್ಲಿ ಕೂರಿಸುತ್ತಾರೆ, ದುಡ್ಡು ಕೇಳುವುದಿಲ್ಲ. ನಾನು ಆ ಕೋಣೆಯಲ್ಲಿ ಕಳೆದ ಮಧ್ಯಾಹ್ನಗಳು ನನಗೆ ಯಾವ ಕಾಲೇಜಿಗಿಂತ ಜಾಸ್ತಿ ಕಲಿಸಿವೆ.

---

ಹುಬ್ಬಳ್ಳಿ_ಹುಡುಗ

ಸರ್, ಎರಡು ಸಲ ಓದಿದೆ. ನಾನು ಹುಬ್ಬಳ್ಳಿಯಲ್ಲಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಮ್ಯಾಡ್ರಿಡ್, ಲಂಡನ್ ನಮಗೆ ಆಗದ ಮಾತು. ಆದರೆ ನ್ಯೂಯಾರ್ಕ್‌ನ ಮೆಟ್ ಮ್ಯೂಸಿಯಂನವರು ತಮ್ಮ ಗೋಯಾ ಹಾಳೆಗಳನ್ನು ನೆಟ್‌ನಲ್ಲಿ ದೊಡ್ಡ ಅಳತೆಯಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಪ್ರಾಡೊದವರ ಹತ್ತಿರ ಈ ಸರಣಿಗೆ ಗೋಯಾ ಮೊದಲು ಬರೆದ ಕೆಂಪು ಸೀಮೆಸುಣ್ಣದ ಚಿತ್ರಗಳೂ ಇವೆ. ಮಕ್ಕಳಿಗೆ ಪ್ರೊಜೆಕ್ಟರ್‌ನಲ್ಲಿ ‘ಕಾಪ್ರಿಚೋಸ್’ನ 37ನೆಯದು ತೋರಿಸಿದ್ದೆ. ಕತ್ತೆ ಮಾಸ್ತರ, ಕತ್ತೆ ಶಿಷ್ಯ. ಇಡೀ ಕ್ಲಾಸು ನಕ್ಕಿತು. ಆಮೇಲೆ ಒಬ್ಬಳು ‘ಸರ್, ಹಿಂದೆ ಇಷ್ಟು ಕತ್ತಲೆ ಯಾಕ್ರೀ?’ ಅಂದಳು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ರಾಳದ ಪೆಟ್ಟಿಗೆ ಬಗ್ಗೆ ನಾಳೆ ಹೇಳುತ್ತೇನೆ.

ಒಂದು ಸಂದೇಹ. 1937ರ ಆವೃತ್ತಿ ಕಡಿಮೆ ಬೆಲೆಗೆ ಸಿಗುತ್ತದಂತೆ. ಅದು ಪೂರ್ತಿ ಬೇಡವಾ?

---

ತಾಮ್ರದ_ತಗಡು

ಬೇಡ ಅನ್ನುವುದಿಲ್ಲ. 1937 ಅಂದರೆ ಸ್ಪೇನ್‌ನಲ್ಲಿ ಅಂತರ್ಯುದ್ಧ. ಮ್ಯಾಡ್ರಿಡ್ ಮೇಲೆ ಬಾಂಬ್ ಬೀಳುತ್ತಿದ್ದ ಕಾಲ. ಆ ಹೊತ್ತಿನಲ್ಲಿ ಕಾಲ್ಕೊಗ್ರಫಿಯಾದವರು ಗೋಯಾನ ತಗಡುಗಳನ್ನು ಮತ್ತೆ ಹೊರತೆಗೆದು ಅಚ್ಚು ಹಾಕಿದರು. ಯಾಕೆ ಅಂತ ಆ ಚಿತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಅದು ಕೂಡ ಚರಿತ್ರೆಯ ಒಂದು ತುಣುಕು. ‘ಅನಾಹುತಗಳು’ ಸರಣಿಯ ಏಳನೇ ಮತ್ತು ಕೊನೆಯ ಆವೃತ್ತಿ ಅದೇ. ಆದರೆ ಸವೆತ ಇದ್ದೇ ಇರುತ್ತದೆ. ಗೆರೆ ಜಾಸ್ತಿ, ಅಕ್ವಾಟಿಂಟ್ ಕಡಿಮೆ ಇರುವ ಚಿತ್ರ ಆರಿಸಿಕೊಂಡರೆ ನಷ್ಟವಿಲ್ಲ. 32ನೇ ಕಾಪ್ರಿಚೊ ಮಾತ್ರ ಬೇಡ.

2003ರಲ್ಲಿ ಇಂಗ್ಲೆಂಡಿನ ಚಾಪ್‌ಮನ್ ಸಹೋದರರು 1937ರ ಒಂದು ಪೂರ್ತಿ ಸೆಟ್ ಕೊಂಡು, ಅದರಲ್ಲಿದ್ದ ಮುಖಗಳ ಮೇಲೆ ಜೋಕರ್ ಮುಖ, ನಾಯಿಮರಿ ಮುಖ ಬಿಡಿಸಿ ಪ್ರದರ್ಶನಕ್ಕಿಟ್ಟರು. ಅದೂ ಒಂದು ಕಲೆ ಅಂತ ವಾದ ಮಾಡುವವರಿದ್ದಾರೆ. ನನಗೆ ಆ ದಿನ ಊಟ ಸೇರಲಿಲ್ಲ. ಕೊನೆಯ ಆವೃತ್ತಿಯಾದರೂ ಅದು ಆ ತಗಡನ್ನು ಮುಟ್ಟಿದ ಕಾಗದ.

ಕೈಗೆ ಎಟಕುವ ಇನ್ನೊಂದು ದಾರಿ ಗೂಳಿ ಕಾಳಗದ ‘ತೌರೊಮಾಕಿಯಾ’. 33 ಚಿತ್ರ, ಗೋಯಾನೇ 1816ರಲ್ಲಿ ಹೊರತಂದದ್ದು. ಮೊದಲ ಆವೃತ್ತಿ ನಮ್ಮಂಥವರಿಗೆ ದೂರ. 1876ರಲ್ಲಿ ಪ್ಯಾರಿಸ್‌ನಲ್ಲಿ ಲುವಾಜೆಲೆ ಅನ್ನುವವರು ಮೂರನೆಯದು ತಂದರು. ಕಾಗದದಲ್ಲಿ ‘ಆರಾಸ್’ ಅಂತ ವಾಟರ್‌ಮಾರ್ಕ್ ಇರುತ್ತದೆ. ತಗಡುಗಳ ಹಿಂಬದಿಯಲ್ಲಿ ಗೋಯಾ ಬಿಟ್ಟಿದ್ದ ಏಳು ಚಿತ್ರಗಳು ಆಗ ಮೊದಲ ಬಾರಿ ಬೆಳಕಿಗೆ ಬಂದವು. ಆ ಏಳಕ್ಕೆ ಅದೇ ಮೊದಲ ಆವೃತ್ತಿ. ನನ್ನ ಏಳು ಹಾಳೆಯಲ್ಲಿ ಒಂದು ಅದು.

ಮಾಸ್ತರೇ, ಆ ಹುಡುಗಿಯ ಪ್ರಶ್ನೆ ತುಂಬಾ ಒಳ್ಳೆಯದು. ಅವಳಿಗೆ ನನ್ನ ಶಹಬ್ಬಾಸ್ ತಿಳಿಸಿ.

---

ಕಾಗದದ_ಆರೈಕೆ

ಶಿರಸಿಯ ಅಕ್ಕನಿಗೆ: ನಾನು ಮಂಗಳೂರಿನಲ್ಲಿ ಹಳೆ ಪುಸ್ತಕ, ಕಡತ ಸರಿಮಾಡುವ ಕೆಲಸ ಮಾಡುತ್ತೇನೆ. ಮಳೆಗಾಲದ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

1863ರ ಕಾಗದ ನಮ್ಮ ಈಗಿನ ಪೇಪರ್‌ನ ಹಾಗಲ್ಲ. ಹಳೆ ಬಟ್ಟೆಯ ನಾರಿನಿಂದ ಮಾಡಿದ್ದು. ಅದು ಗಟ್ಟಿ. ಕೆಡುವುದು ಮೂರು ಕಾರಣಕ್ಕೆ: ತೇವ, ಬೆಳಕು, ಮತ್ತೆ ಅದರ ಹಿಂದೆ ಇಡುವ ಕೆಟ್ಟ ರಟ್ಟು. ಮಾಮೂಲಿ ಫ್ರೇಮ್ ಅಂಗಡಿಯಲ್ಲಿ ಹಾಕುವ ರಟ್ಟಿನಲ್ಲಿ ಹುಳಿ ಇರುತ್ತದೆ. ಹತ್ತು ವರ್ಷದಲ್ಲಿ ಚಿತ್ರದ ಸುತ್ತ ಕಂದು ಚೌಕ ಮೂಡುತ್ತದೆ. ಆಮ್ಲ ಇಲ್ಲದ ಹತ್ತಿಯ ಬೋರ್ಡ್ ಅಂತಲೇ ಕೇಳಿ ಹಾಕಿಸಿ. ಸೆಲ್ಲೋಟೇಪ್ ಯಾವ ಕಾರಣಕ್ಕೂ ಬೇಡ. ಜಪಾನಿ ಕಾಗದದ ಎರಡು ಸಣ್ಣ ತುಂಡು, ಗೋಧಿ ಪಿಷ್ಟದ ಅಂಟು. ಮೇಲಿನ ಅಂಚಿನಲ್ಲಿ ಮಾತ್ರ. ಅಷ್ಟು ಸಾಕು.

ಗಾಜು ಚಿತ್ರಕ್ಕೆ ತಾಗಬಾರದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಜಿನ ಒಳಗೆ ಬೆವರು ಬರುತ್ತದೆ. ತಾಗಿದ ಕಡೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತೂಗುಹಾಕಬೇಡಿ, ಆ ಗೋಡೆ ಮಳೆ ಕುಡಿದಿರುತ್ತದೆ. ಒಳಗೋಡೆಗೆ ಹಾಕಿ, ಫ್ರೇಮ್‌ನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿ. ಗಾಳಿ ಆಡುತ್ತದೆ. ನನ್ನನ್ನು ಕೇಳಿದರೆ ಮಳೆಗಾಲದಲ್ಲಿ ಇಳಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ದೀಪಾವಳಿಗೆ ಮತ್ತೆ ತೂಗುಹಾಕಿ. ಮ್ಯೂಸಿಯಂನವರೂ ಕಾಗದದ ಚಿತ್ರವನ್ನು ಇಡೀ ವರ್ಷ ಬೆಳಕಿಗೆ ಇಡುವುದಿಲ್ಲ. ಬೆಳಕು ಕೂಡ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬಿಡುವುದಿಲ್ಲ.

ಕಂದು ಚುಕ್ಕೆ ಈಗಾಗಲೇ ಇದ್ದರೆ ನೀವೇ ಬ್ಲೀಚ್ ಹಾಕಿ ತೆಗೆಯಲು ಹೋಗಬೇಡಿ. ಬಿಳುಪು ಬರುತ್ತದೆ, ಕಾಗದದ ಜೀವ ಹೋಗುತ್ತದೆ. ಅಂಥ ಹಾಳೆಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಮಡಿಚಿದ ಹಪ್ಪಳದ ಹಾಗೆ ಮುರಿಯುತ್ತವೆ.

---

ತಾಮ್ರದ_ತಗಡು

ಈ ಮಾತುಗಳನ್ನು ಅಕ್ಷರ ಅಕ್ಷರ ಪಾಲಿಸಿ. ಇದರ ಜೊತೆಗೆ ಒಂದು ಕಾನೂನಿನ ವಿಷಯ, ಮರೆತಿದ್ದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಸ್ಪೇನ್‌ನಿಂದ ಹೊರಗೆ ಒಯ್ಯಲು ಸರ್ಕಾರದ ಅನುಮತಿ ಬೇಕು. 1985ರ ಪರಂಪರೆ ಕಾನೂನು ಅದು. ಹಾಳೆಯನ್ನು ಸುತ್ತಿ ಸೂಟ್‌ಕೇಸ್‌ಗೆ ಹಾಕುವ ಯೋಚನೆ ಬೇಡ. ಬಿಲ್‌ನಲ್ಲಿ ಕಲಾವಿದನ ಹೆಸರು, ಚಿತ್ರದ ಸಂಖ್ಯೆ, ಆವೃತ್ತಿಯ ವರ್ಷ ಬರೆಸಿಕೊಳ್ಳಿ. ಹ್ಯಾರಿಸ್ ಸಂಖ್ಯೆಯನ್ನೂ ಬರೆಸಿ. ಟೋಮಾಸ್ ಹ್ಯಾರಿಸ್ 1964ರಲ್ಲಿ ಗೋಯಾನ ಎಲ್ಲ ಮುದ್ರಣಗಳ ಪಟ್ಟಿಯನ್ನು ಎರಡು ಸಂಪುಟದಲ್ಲಿ ತಂದರು. ಯಾವ ತಗಡು, ಯಾವ ಆವೃತ್ತಿ, ಯಾವ ಕಾಗದ, ಎಲ್ಲ ಅದರಲ್ಲಿದೆ. ಇವತ್ತಿಗೂ ವ್ಯಾಪಾರಿಗಳು ಮಾತಾಡುವುದು ಆ ಸಂಖ್ಯೆಯಲ್ಲೇ. ಅನುಮತಿಗೆ ಅರ್ಜಿ ಹಾಕುವಾಗಲೂ ಆ ಬಿಲ್ ಬೇಕಾಗುತ್ತದೆ.

---

ಶಿರಸಿಯಿಂದ_ಮ್ಯಾಡ್ರಿಡ್

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಇವತ್ತು ಅರ್ಧ ದಿನ ರಜೆ ಹಾಕಿದೆ.

ಮೊದಲು ಅಕಾಡೆಮಿಗೆ ಹೋದೆ. ತಾಮ್ರದ ತಗಡುಗಳನ್ನು ನೋಡಿದೆ. ಚಿತ್ರ ಅದರಲ್ಲಿ ತಿರುಗುಮುರುಗಾಗಿ ಇರುತ್ತದೆ ಅಂತ ಗೊತ್ತಿದ್ದರೂ, ಕಣ್ಣಾರೆ ನೋಡಿದಾಗ ಬೇರೆಯೇ ಅನಿಸಿತು. ಒಂದು ಕಡೆಯಿಂದ ನೋಡಿದರೆ ಬರೀ ಹೊಳಪು. ಸ್ವಲ್ಪ ಬಗ್ಗಿದರೆ ಗೆರೆಗಳು ಎದ್ದು ಬರುತ್ತವೆ. ಶಾಲೆಯ ನೋಟ್‌ಬುಕ್‌ನಷ್ಟು ಅಗಲ ಇಲ್ಲ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಜನ.

ಅಲ್ಲಿಂದ ನೇರ ಅಂಗಡಿಗೆ. ಮೌಂಟ್ ತೆಗೆಯಿರಿ ಅಂದೆ. ಅವರು ಒಂದು ಮಾತೂ ಆಡದೆ ತೆಗೆದು, ತಾವೇ ಭೂತಗನ್ನಡಿ ಕೊಟ್ಟರು. ಹಿಂದಿನಿಂದ ಬೆರಳಾಡಿಸಿದೆ, ತಗಡಿನ ಅಂಚು ಸಿಕ್ಕಿತು. ಎಡ ಅಂಚಿನಲ್ಲಿ ಮೂರು ಸಣ್ಣ ತೂತು. ಬೆಳಕಿಗೆ ಹಿಡಿದರೆ ‘ಜಿ’ ಮತ್ತು ‘ಓ’ ಕಂಡವು. ‘ಜೆ’ ಹಾಳೆಯ ಆಚೆ ಹೋಗಿದೆ. ಬಲಗಡೆ ಕೆಳ ಮೂಲೆಯಲ್ಲಿ ನಾಲ್ಕೈದು ಕಂದು ಚುಕ್ಕೆ ಇವೆ, ಚಿತ್ರದ ಒಳಗೆ ಇಲ್ಲ.

ಆಕಾಶ ಮಾತ್ರ ತಿಳಿಯಾಗಿಲ್ಲ, ಸರ್. ನೀವು ಹೇಳಿದ ಹೊಗೆ ಇದೆ. ಅಂಚಿನ ಬಿಳಿ ಕಾಗದದ ಪಕ್ಕ ಇಟ್ಟು ನೋಡಿದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಎಡಗಡೆ ಜಾಸ್ತಿ, ಬಲಗಡೆಗೆ ಹೋದ ಹಾಗೆ ಕಡಿಮೆ. ಒರೆಸಿದವರ ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಅಂತ ಕೂಡ ಕಾಣುತ್ತದೆ.

ಭೂತಗನ್ನಡಿಯಲ್ಲಿ ತಾಯಿಯ ಕೈ ನೋಡಿದೆ. ಬರಿಗಣ್ಣಿಗೆ ಅದು ಚಾಚಿದ ಕೈ ಅಷ್ಟೇ. ಹತ್ತಿರದಿಂದ ನೋಡಿದರೆ ಬೆರಳುಗಳಿಗೆ ಎರಡೆರಡು ಗೆರೆ, ಜಾಸ್ತಿ ಇಲ್ಲ. ಇಂಕ್ ನಿಜವಾಗಿ ಕಾಗದದ ಮೇಲೆ ಎದ್ದಿದೆ. ಮುಟ್ಟಲಿಲ್ಲ, ಆದರೆ ಮುಟ್ಟಿದ ಹಾಗೆಯೇ ಅನಿಸಿತು.

ಹೊಗೆ ಇದ್ದರೂ ನನಗೆ ಇದೇ ಬೇಕು ಅನಿಸುತ್ತಿದೆ. ತಪ್ಪು ಮಾಡುತ್ತಿದ್ದೇನಾ?

---

ತಾಮ್ರದ_ತಗಡು

ಇಲ್ಲ. ನೀವು ಹೇಳಿದ್ದನ್ನೆಲ್ಲ ಸೇರಿಸಿ ನೋಡಿದರೆ ಅದು 1863ರ ಹಾಳೆಯೇ. ಅಂಚು ಕತ್ತರಿಸಿಲ್ಲ, ಗೆರೆ ಗಟ್ಟಿಯಾಗಿದೆ. ಆಕಾಶದ ಹೊಗೆ ನನ್ನ ರುಚಿಯ ಮಾತು. ಅದನ್ನು ನಿಮ್ಮ ಮೇಲೆ ಹೇರುವುದಿಲ್ಲ. ಚುಕ್ಕೆಯ ಬಗ್ಗೆ ಹೇಳಿ ಬೆಲೆಯಲ್ಲಿ ಸ್ವಲ್ಪ ಇಳಿಸಿ ಅಂತ ಕೇಳಿ, ಅದು ನ್ಯಾಯ.

ಒಂದು ವಿಷಯ ನಾನು ಮೊದಲೇ ಬರೆಯಬೇಕಿತ್ತು. 1792ರ ಕೊನೆಗೆ ಗೋಯಾಗೆ ದೊಡ್ಡ ಕಾಯಿಲೆ ಬಂದು, ಕಿವಿ ಪೂರ್ತಿ ಹೋಯಿತು. ಆಗ 46 ವರ್ಷ. ಯುದ್ಧ ಬಂದಾಗ ಆತನಿಗೆ ಗುಂಡಿನ ಸದ್ದು, ಜನರ ಕೂಗು ಯಾವುದೂ ಕೇಳುತ್ತಿರಲಿಲ್ಲ. ಬರೀ ಕಾಣುತ್ತಿತ್ತು. 80 ಚಿತ್ರಗಳಲ್ಲಿ ಈ ಒಂದರ ಕೆಳಗೆ ‘ನಾನು ಇದನ್ನು ಕಂಡೆ’ ಅಂತ ಬರೆದ. ಮುಂದಿನ 45ನೆಯದರ ಕೆಳಗೆ ‘ಇದನ್ನೂ’ ಅಂತ ಮಾತ್ರ ಬರೆದ. ಆ ಅಂಗಡಿಯವರ ಪೆಟ್ಟಿಗೆಯಲ್ಲಿ 45 ಇದೆಯಾ ಅಂತ ಹಾಗೇ ಒಂದು ಮಾತು ಕೇಳಿ ನೋಡಿ. ಕೊಳ್ಳಲು ಅಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಲು.

---

ಶಿರಸಿಯಿಂದ_ಮ್ಯಾಡ್ರಿಡ್

ಬಿಲ್‌ನಲ್ಲಿ ಹ್ಯಾರಿಸ್ ಸಂಖ್ಯೆ ಬರೆಸಿದ್ದೇನೆ. ಬೆಲೆ ಸ್ವಲ್ಪ ಇಳಿಸಿದರು. ಹಾಳೆ ಈಗ ಹತ್ತಿಯ ಬೋರ್ಡ್‌ಗಳ ನಡುವೆ, ಕಪಾಟಿನ ಮೇಲಿನ ಅರೆಯಲ್ಲಿದೆ. 45 ಅವರ ಹತ್ತಿರ ಇಲ್ಲವಂತೆ, ಬಂದರೆ ಫೋನ್ ಮಾಡುತ್ತೇನೆ ಅಂದಿದ್ದಾರೆ.